‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವ ಮುನ್ನ

ಪ್ರಶ್ನೆ: ನನ್ನ ಯಜಮಾನರು ಸೈನ್ಯಕ್ಕೆ ಸೇರಿ 12 ವರ್ಷವಾಯಿತು. ಈಗ ಜಮ್ಮು ಕಡೆ ಇದ್ದಾರೆ. 2025ರ ಮೇ 7ರಂದು ಆಪರೇಷನ್ ಸಿಂಧೂರ ಶುರುವಾದ ಮೇಲೆ ಮೂರು ದಿನ ಅವರ ಫೋನ್ ಬರಲಿಲ್ಲ. 10ರಂದು ಕದನ ವಿರಾಮವಾದ ರಾತ್ರಿ ಎರಡೇ ನಿಮಿಷ ಮಾತಾಡಿದರು. ಅದೇ ವಾರ ನನ್ನ ಮೂರು ತಿಂಗಳ ಬಸಿರು ಇಳಿದುಹೋಯಿತು. ಅವರಿಗೆ ಇನ್ನೂ ಹೇಳಿಲ್ಲ, ತಿಂಗಳಾಗುತ್ತ ಬಂತು. ‘ಗಡಿಯಲ್ಲಿರುವವನಿಗೆ ಮನೆಯ ಸಂಕಟ ಹೇಳಬಾರದು, ಕೈ ನಡುಗುತ್ತದೆ’ ಎನ್ನುತ್ತಾರೆ ಅತ್ತೆ. ಮೊನ್ನೆ ಯಜಮಾನರು ‘ಮಗು ಹೇಗಿದೆ?’ ಎಂದು ಕೇಳಿದಾಗ ‘ಚೆನ್ನಾಗಿದೆ’ ಎಂದುಬಿಟ್ಟೆ. ಆಮೇಲೆ ನಿದ್ದೆಯೇ ಇಲ್ಲ. ಹೇಳಲೇ, ಬೇಡವೇ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಹೇಳು ತಂಗಿ. ನಿನ್ನ ಪತ್ರವನ್ನು ಮೂರು ಸಲ ಓದಿದೆ, ಮೂರು ಸಲವೂ ಆ ‘ಚೆನ್ನಾಗಿದೆ’ ಎಂಬಲ್ಲಿ ನನ್ನ ಕಣ್ಣು ನಿಂತಿತು. ನಾನೂ ಅಂಥ ಸುಳ್ಳು ಹೇಳಿದವಳು.

1999ರಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿಗೆ, ಸೈನ್ಯದಲ್ಲಿದ್ದ ನನ್ನವರು ದ್ರಾಸ್‌ನಲ್ಲಿದ್ದರು. ಮೇ ಕೊನೆಗೆ ರಜೆಯಲ್ಲಿ ಬರಬೇಕಿದ್ದವರು ಬರಲಿಲ್ಲ. ತೀರ್ಥಹಳ್ಳಿಯಿಂದ ಈಚೆ ತೋಟದ ನಡುವೆ ನಮ್ಮದು ಒಂಟಿ ಮನೆ, ಫೋನ್ ಇರಲಿಲ್ಲ. ರೇಡಿಯೊ ವಾರ್ತೆಯೊಂದೇ ದಿಕ್ಕು. ಜೂನ್ 13ರಂದು ನಮ್ಮ ಸೈನಿಕರು ತೋಲೋಲಿಂಗ್ ಶಿಖರ ಗೆದ್ದರೆಂದು ತಿಳಿದಾಗ ಊರೆಲ್ಲ ಹಿಗ್ಗಿತು. ನಾನು ಮಾತ್ರ ‘ಯಾರು ಯಾರು ಹೋದರೋ’ ಎಂದು ಕಂಬ ಹಿಡಿದು ನಿಂತಿದ್ದೆ. ಆ ಯುದ್ಧದಲ್ಲಿ 527 ಯೋಧರು ಪ್ರಾಣ ಕೊಟ್ಟರು. ಆಗ ನಮ್ಮ ಅಂಗಳಕ್ಕೆ ಯಾವ ಜೀಪು ಬಂದರೂ ನನ್ನ ಎದೆ ನಿಂತಂತಾಗುತ್ತಿತ್ತು.

ಮೃಗಶಿರ ಮಳೆ ಹಿಡಿದ ಹೊಸತು. ಮಾವಯ್ಯ ಅಂಗಳದ ಹಾವಸೆಯ ಮೇಲೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಬಾಡಿಗೆ ಜೀಪಿನಲ್ಲಿ ಮಲಗಿಸಿ ಶಿವಮೊಗ್ಗಕ್ಕೆ ಕರೆದೊಯ್ದೆವು. ಅಲ್ಲಿಂದ ಬಂದ ಸಂಜೆಯೇ ಇನ್‌ಲ್ಯಾಂಡ್ ಪತ್ರದ ಮೇಲೆ ‘56 ಎ.ಪಿ.ಓ.’ ಎಂದು ಸೈನ್ಯದ ಅಂಚೆಯ ವಿಳಾಸ ಬರೆದು, ಒಳಗೆ ‘ಮಾವಯ್ಯ ದಿನವೂ ತೋಟಕ್ಕೆ ಹೋಗಿ ಬರುತ್ತಾರೆ, ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆದೆ. ಅದನ್ನೇ ಧೈರ್ಯವೆಂದು ತಿಳಿದಿದ್ದೆ.

ನೆಂಟರೊಬ್ಬರು ಕಾರ್ಡು ಬರೆದು ನನ್ನವರಿಗೆ ನಿಜ ತಿಳಿಸಿಬಿಟ್ಟರು. ಟೈಗರ್ ಹಿಲ್ ಶಿಖರ ಗೆದ್ದ ಸುದ್ದಿಯ ಹಿಂದೆಯೇ ಅವರ ಪತ್ರ ಬಂತು. ಪೆನ್ಸಿಲ್ಲಿನಲ್ಲಿ ನಾಲ್ಕೇ ಸಾಲು. ‘ನೀನು ಕ್ಷೇಮ ಎಂದು ಬರೆದ ಹಳೆಯ ಪತ್ರಗಳನ್ನೆಲ್ಲ ತೆಗೆದು ಮತ್ತೆ ಓದುತ್ತಿದ್ದೇನೆ. ಯಾವುದು ನಿಜ, ಯಾವುದು ಅಲ್ಲ ತಿಳಿಯುತ್ತಿಲ್ಲ.’ ನೋಡು, ಗುಂಡಿನ ಕೆಳಗೆ ಕೂತವರಿಗೆ ಇದೊಂದು ಹೊರೆಯನ್ನು ನಾನೇ ಕೈಯಾರೆ ಹೊರಿಸಿದ್ದೆ.

ಅಂದು ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಔಷಧಿ ಹೊಡೆಯುವ ದಿನ. ಮಳೆ ಸ್ವಲ್ಪ ಹೊಳವಾಗಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ನೀಲಿ ಉಪ್ಪು), ಒಂದು ಕಿಲೋ ಸುಣ್ಣ. ಪ್ರತಿ ವರ್ಷ ಮಾವಯ್ಯನೇ ಕಲಸುತ್ತಿದ್ದರು, ಆ ವರ್ಷ ನಾನು. ಉಜ್ಜಿ ತೊಳೆದ ಕತ್ತಿಯನ್ನು ಅದ್ದಿ ತೆಗೆದರೆ ಅಲಗಿನ ಮೇಲೆ ತಾಮ್ರ ಕೆಂಪಗೆ ಕೂತಿತ್ತು. ಸುಣ್ಣ ಸಾಲದು, ಹಾಗೆಯೇ ಹೊಡೆದರೆ ಎಳೆಗಾಯಿ ಸುಟ್ಟುಹೋಗುತ್ತದೆ. ‘ಇನ್ನೊಂದು ಬೊಗಸೆ ಹಾಕು’ ಎಂದು ಮಾವಯ್ಯ ಹಾಸಿಗೆಯಿಂದಲೇ ಕೂಗಿದರು. ಇದನ್ನೆಲ್ಲ ಆ ರಾತ್ರಿ ಬರೆದೆ. ಮಾವಯ್ಯ ಇನ್ನು ಕೋಲಿಲ್ಲದೆ ನಡೆಯಲಾರರು ಎಂದೂ, ನಾನು ಬಚ್ಚಲಿನಲ್ಲಿ ನಿಂತು ಅಳುತ್ತೇನೆ ಎಂದೂ ಬರೆದೆ. ಕೈ ತೊಳೆದಿದ್ದರೂ ಪತ್ರದ ಅಂಚಿಗೆ ಹೆಬ್ಬೆಟ್ಟಿನ ನೀಲಿ ಹತ್ತಿತು.

ಉತ್ತರ ಬರುವಾಗ ಮೂರು ವಾರ ಕಳೆದಿತ್ತು. ‘ನಿನ್ನ ಹೆಬ್ಬೆಟ್ಟು ನೋಡಿದೆ. ಎರಡನೇ ಸಲ ಅದ್ದಿದಾಗ ಕತ್ತಿ ಬೆಳ್ಳಗೆ ಬಂತೇ? ಅದನ್ನು ಬರೆಯಲು ಮರೆತಿದ್ದೀಯೆ’ ಎಂದು ಶುರು ಮಾಡಿದ್ದರು. ಅದರ ಕೆಳಗೆ, ತಮ್ಮ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಗೆಳೆಯ ಹೋದದ್ದನ್ನು ಬರೆದಿದ್ದರು. ಅಲ್ಲಿಯವರೆಗೆ ಅವರೂ ‘ನಾನಿಲ್ಲಿ ಕ್ಷೇಮ’ ಎಂದೇ ಬರೆಯುತ್ತಿದ್ದರು, ತಂಗಿ. ನಾನು ಬಾಯಿ ಬಿಟ್ಟ ಮೇಲೆ ಅವರಿಗೂ ಅಳಲು ಒಂದು ಜಾಗ ಸಿಕ್ಕಿತು.

ನಿನ್ನದು ನನ್ನದಕ್ಕಿಂತ ದೊಡ್ಡ ನೋವು. ಆ ಮಗು ಅವರದೂ ಹೌದು, ಅದಕ್ಕಾಗಿ ಅಳುವ ಹಕ್ಕು ಅವರಿಗೂ ಇದೆ. ಆದರೆ ಕಾವಲಿಗೆ ಹೊರಡುವ ಮುಂಚಿನ ಎರಡು ನಿಮಿಷದಲ್ಲಿ ಹೇಳಬೇಡ. ‘ಅರ್ಧ ಗಂಟೆ ಬಿಡುವು ಮಾಡಿಕೊಂಡು ಫೋನ್ ಮಾಡಿ, ಒಂದು ದುಃಖದ ವಿಷಯ ಹೇಳಬೇಕು, ನನ್ನ ಜೀವಕ್ಕೆ ಅಪಾಯವಿಲ್ಲ’ ಎಂದು ಮೊದಲು ತಿಳಿಸು. ‘ಚೆನ್ನಾಗಿದೆ’ ಎಂದದ್ದು ಹೆದರಿಕೆಯಿಂದ ಎಂದೂ ಒಪ್ಪಿಕೊ. ಅವರು ಎಲ್ಲಿದ್ದಾರೆ, ಎಲ್ಲಿಗೆ ಹೊರಟಿದ್ದಾರೆ ಎಂದು ಕೇಳಬೇಡ. ಗೊತ್ತಿದ್ದರೂ ಯಾರಿಗೂ ಹೇಳಬೇಡ.

ಮತ್ತೆ ಡಾಕ್ಟರಿಗೆ ತೋರಿಸಿಕೊಂಡೆಯಾ? ರಕ್ತಸ್ರಾವವೋ ಜ್ವರವೋ ಉಳಿದಿದ್ದರೆ ನಾಳೆಗೆ ದೂಡಬೇಡ. ನಿದ್ದೆ ಬಾರದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು.

ಅತ್ತೆಯ ಮೇಲೆ ಮುನಿಸು ಬೇಡ. ಅವರು ಹೆತ್ತ ಮಗ ಅಲ್ಲಿದ್ದಾನೆ. ಆ ಮೂರು ದಿನ ಅವರೂ ಉಂಡಿರಲಾರರು. ಇವತ್ತೇ ಅವರ ಪಕ್ಕದಲ್ಲಿ ಕೂತು, ಮಗನಿಗೆ ಹೇಳುತ್ತೇನೆ ಎಂದು ಮೊದಲು ಅವರಿಗೆ ಹೇಳು. ಫೋನ್ ಬಂದ ದಿನ ನಿನ್ನ ಮಾತು ಮುಗಿದ ಮೇಲೆ ಮೊಬೈಲನ್ನು ಅವರ ಕೈಗೆ ಕೊಟ್ಟು, ನೀನು ಸ್ವಲ್ಪ ಹೊತ್ತು ಅಂಗಳಕ್ಕೆ ಹೋಗು.