ರೆಪೊದಲ್ಲಿ ಎಂಐಟಿ ಲೈಸೆನ್ಸ್, ಇನ್‌ಸ್ಟಾಲರ್‌ನಲ್ಲಿ ಬೇರೆ ಷರತ್ತು: ಓಪನ್ ಸೋರ್ಸ್ ಅನ್ನಬಹುದಾ?

ಬಹುಶಃ ರೆಪೊದಲ್ಲಿ (ಕೋಡ್ ಇಟ್ಟಿರುವ ಜಾಗ) ಇರುವ ಸೋರ್ಸ್ ಕೋಡ್‌ಗೆ ಒಂದು ಲೈಸೆನ್ಸ್ (ಇಲ್ಲಿ ಎಂಐಟಿ, ಅಂದರೆ ಒಂದು ಓಪನ್ ಸೋರ್ಸ್ ಲೈಸೆನ್ಸ್), ಅದರಿಂದ ಕಟ್ಟಿದ ಇನ್‌ಸ್ಟಾಲರ್‌ಗೆ ಇನ್ನೊಂದು ಇದೆ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್ ಕೂಡ ಹೀಗೇ ಅಲ್ವಾ? ಕೋಡ್ ಎಂಐಟಿ, ಆದರೆ ಮೈಕ್ರೋಸಾಫ್ಟ್ ಕೊಡುವ ಡೌನ್‌ಲೋಡ್‌ಗೆ ಅವರದೇ ಷರತ್ತು. ಅದೇ ಕೋಡ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಎಂಐಟಿಯಲ್ಲೇ ಸಿಗುತ್ತದೆ.

ಮೊದಲು ನೀವು ಇನ್‌ಸ್ಟಾಲ್ ಮಾಡಿದ ಪ್ಯಾಕೇಜ್‌ನ ಲೈಸೆನ್ಸ್ ಓದಿ, ರೆಪೊದ್ದಲ್ಲ. ಆಮೇಲೆ ರೆಪೊದಲ್ಲಿ 'ಇಇ' (ಎಂಟರ್‌ಪ್ರೈಸ್ ಎಡಿಷನ್) ಅಥವಾ 'ಎಂಟರ್‌ಪ್ರೈಸ್' ಫೋಲ್ಡರ್ ಇದ್ದರೆ ಅದರೊಳಗಿನ ಲೈಸೆನ್ಸ್ ಫೈಲ್ ತೆರೆದು ನೋಡಿ. ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್‌ನ ಸ್ವಂತ ರೆಪೊದಲ್ಲಿ 'ಇಇ' ಫೋಲ್ಡರ್‌ಗೆ ಬೇರೆಯೇ ಲೈಸೆನ್ಸ್ ಇದೆ. 'ವಾಣಿಜ್ಯ ಬಳಕೆ ಇಲ್ಲ' ಅನ್ನುವ ಒಂದು ಸಾಲು ಕಂಡರೂ ಸಾಕು, ಆ ಭಾಗ ಓಪನ್ ಸೋರ್ಸ್ ಅಲ್ಲ. ಕೋಡ್ ಸುಮ್ನೆ ಕಣ್ಣಿಗೆ ಕಂಡರೆ ಸಾಲದು, ಅದನ್ನು ಯಾವ ಕೆಲಸಕ್ಕೂ ಬಳಸುವ, ಬದಲಿಸುವ, ಹಂಚುವ ಹಕ್ಕೂ ಇರಬೇಕು.

ಕೊನೆಗೆ ಅಂಥ ಭಾಗಗಳನ್ನು ತೆಗೆದು, ಉಳಿದ ಕೋಡ್‌ನಿಂದ ಪ್ರೋಗ್ರಾಂ ಬಿಲ್ಡ್ ಮಾಡಿ (ಕಟ್ಟಿ). ಮುಖ್ಯ ಕೆಲಸ ನಡೆದರೆ ಆ ಬಿಲ್ಡ್ ಓಪನ್ ಸೋರ್ಸ್. ನಡೆಯದಿದ್ದರೆ ನಾನಂತೂ ಹಾಗೆ ಕರೆಯುವುದಿಲ್ಲ, ಇದನ್ನು ಎಲ್ಲರೂ ಒಪ್ಪಲಿಕ್ಕಿಲ್ಲ.