ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾರಿನೊಳಗೆ ನಿಂತ ಮಳೆನೀರು

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮೂರು ಒಂದೇ ತೊಂದರೆಯನ್ನು ಹೇಳುತ್ತವೆ. ಮೂರೂ ಸ್ಪೋರ್ಟ್ಸ್ ಕಾರುಗಳು, ಮೂರರ ಒಳಗೂ ನೀರು. ಆದರೆ ನೀರು ಬಂದ ದಾರಿ ಮೂರರಲ್ಲಿಯೂ ಬೇರೆ ಬೇರೆಯಾಗಿರುವುದರಿಂದ ಪ್ರತ್ಯೇಕವಾಗಿಯೇ ಉತ್ತರಿಸಿದ್ದೇವೆ.

ಪ್ರಶ್ನೆ: ನಾನು ಮುಲುಂಡ್‌ನಲ್ಲಿ ಸಣ್ಣ ಹೋಟೆಲು ನಡೆಸುತ್ತಿರುವ ಉಡುಪಿ ಕಡೆಯವನು. ಬಹುಕಾಲದ ಆಸೆಯಂತೆ ಕಳೆದ ಜನವರಿಯಲ್ಲಿ, ಬಟ್ಟೆಯ ಮಡಚುವ ಛಾವಣಿಯುಳ್ಳ, ಎರಡೇ ಆಸನಗಳ, 2004ರ ಮಾದರಿಯ ವಿದೇಶಿ ಕಾರೊಂದನ್ನು ಕೊಂಡೆ. ಸೊಸೈಟಿಯ ಆವರಣದಲ್ಲಿ ಮಳೆಮರದ ಕೆಳಗೆ ನಿಲ್ಲಿಸುತ್ತೇನೆ. ಮೊದಲ ಜೋರು ಮಳೆಯ ಮರುದಿನ ಎಡ ಆಸನದ ಕೆಳಗಿನ ಕಾರ್ಪೆಟ್ಟನ್ನು ಒತ್ತಿದರೆ ನೀರು ಉಕ್ಕುತ್ತಿತ್ತು. ಮೂರನೆಯ ದಿನ ರಿಮೋಟ್ ಕೀಲಿ ಕೆಲಸ ನಿಲ್ಲಿಸಿತು. ಗ್ಯಾರೇಜಿನವರು ಛಾವಣಿಯ ಅಂಚಿಗೆಲ್ಲ ಎರಡು ಸಲ ಸಿಲಿಕೋನ್ ಬಳಿದರೂ ಪ್ರಯೋಜನವಾಗಲಿಲ್ಲ. ತಳಕ್ಕೆ ಒಂದು ರಂಧ್ರ ಕೊರೆದರೆ ನೀರು ತಾನಾಗಿ ಇಳಿದುಹೋಗುತ್ತದೆ ಎಂದು ಈಗ ಹೇಳುತ್ತಿದ್ದಾರೆ. ಒಪ್ಪಬಹುದೇ? ಇದು 2005ರ ಪ್ರವಾಹದಲ್ಲಿ ಮುಳುಗಿದ್ದ ಕಾರಿರಬಹುದೇ ಎಂಬ ಅನುಮಾನವೂ ನನ್ನನ್ನು ಕಾಡುತ್ತಿದೆ.

ಉತ್ತರ: ಒಪ್ಪಬೇಡಿ. ಕೊರೆದ ರಂಧ್ರದಿಂದ ನೀರು ಇಳಿಯುವುದಕ್ಕಿಂತ ಹೆಚ್ಚಾಗಿ, ನೀರು ನಿಂತ ರಸ್ತೆಯಲ್ಲಿ ಹೋಗುವಾಗ ಚಕ್ರ ಎರಚುವ ಕೊಳಕು ನೀರು ಮೇಲಕ್ಕೆ ಬರುತ್ತದೆ. ಬಣ್ಣ ಹೋದ ಅಂಚಿನಿಂದ ತುಕ್ಕು ಹಬ್ಬತೊಡಗುತ್ತದೆ. ಆ ಮಾತು ಹಾಗಿರಲಿ, ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿಬಿಡಿ. ಬ್ಯಾಟರಿಯಿರುವ ಕಡೆಯ ಮುಚ್ಚಳ ವಿದ್ಯುತ್ತಿನಿಂದ ತೆರೆಯುವಂಥದ್ದಾದರೆ ಅದನ್ನು ಅದುಮಿ ಮುಚ್ಚಬೇಡಿ. ಮುಚ್ಚಿದರೆ ಮತ್ತೆ ತೆರೆಯುವುದೇ ಒಂದು ಸಾಹಸವಾದೀತು. ರಿಮೋಟ್ ಕೀಲಿ ಸುಮ್ಮನಾಗಿರುವುದಕ್ಕೂ ಕಾರ್ಪೆಟ್ ಒದ್ದೆಯಾಗಿರುವುದಕ್ಕೂ ಸಂಬಂಧವಿರುವ ಸಾಧ್ಯತೆ ಬಹಳ. ಪೋರ್ಷೆ ಬಾಕ್ಸ್‌ಸ್ಟರ್‌ನ ಮೊದಲ ಪೀಳಿಗೆಯೂ ಸೇರಿದಂತೆ ಈ ಬಗೆಯ ಕೆಲವು ಕಾರುಗಳಲ್ಲಿ ಬೀಗ ಮತ್ತು ಅಲಾರ್ಮನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಆಸನದ ಕೆಳಗೆ, ನೆಲಕ್ಕೆ ತಾಗಿದಂತೆಯೇ ಇಟ್ಟಿರುತ್ತಾರೆ. ನೀರಿನಲ್ಲಿ ಕುಳಿತ ಪೆಟ್ಟಿಗೆಗೆ ವಿದ್ಯುತ್ ಹರಿಯುತ್ತಿದ್ದಷ್ಟು ಕಾಲವೂ ಅದರೊಳಗಿನ ತಾಮ್ರದ ಗೆರೆಗಳು ಕರಗುತ್ತಿರುತ್ತವೆ. ವಿದ್ಯುತ್ ನಿಲ್ಲಿಸಿ, ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಮೃದುವಾಗಿ ತೊಳೆದು ಒಣಗಿಸಿದರೆ ಎಷ್ಟೋ ಸಲ ಅದು ಉಳಿಯುತ್ತದೆ. ಹೊಸತನ್ನು ತರಿಸಿ ಕೀಲಿಯೊಡನೆ ಹೊಂದಿಸುವ ಖರ್ಚಿಗೆ ಹೋಲಿಸಿದರೆ ಒಂದು ದಿನದ ಈ ಶ್ರಮ ಏನೇನೂ ಅಲ್ಲ. ಆಸನದ ಅಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ವ್ಯವಸ್ಥೆಯದು; ಅದನ್ನು ನೀವಾಗಿ ಮುಟ್ಟದೆ ಬಲ್ಲವರಿಂದಲೇ ಕಳಚಿಸಿ.

ಇನ್ನು ನೀರಿನ ವಿಚಾರ. ನೀವು ಊರಿನ ಹೆಂಚಿನ ಮನೆಯಲ್ಲಿ ಬೆಳೆದವರಾಗಿದ್ದರೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಡೆದ ಹೆಂಚು ಒಂದು ಕಡೆ ಇರುತ್ತದೆ, ನೀರು ಪಕ್ಕಾಸಿನ ಗುಂಟ ಇಳಿದು ಬಂದು ತೊಟ್ಟಿಕ್ಕುವುದು ಇನ್ನೊಂದು ಕಡೆ. ಕಾರಿನಲ್ಲಿಯೂ ವೈರಿಂಗಿನ ಕಟ್ಟು, ತಗಡಿನ ಮಡಿಕೆ, ಕಾರ್ಪೆಟ್ಟಿನ ಅಡಿಯ ಫೋಮ್ ಇವೆಲ್ಲವೂ ನೀರನ್ನು ದೂರ ಸಾಗಿಸುತ್ತವೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ನಿಮ್ಮ ಗ್ಯಾರೇಜಿನವರು ಗಮನಿಸಿದಂತಿಲ್ಲ. ಕಾರಿನ ಮೈಯೊಳಗೆ ನೀರು ಬರಲೇಬಾರದೆಂದು ಅದನ್ನು ಯಾರೂ ಕಟ್ಟುವುದಿಲ್ಲ. ಬಂದ ನೀರು ಗೊತ್ತಾದ ದಾರಿಯಲ್ಲಿ ಹೊರಗೆ ಹೋಗಬೇಕೆಂದು ಕಟ್ಟುತ್ತಾರೆ. ಬಾಗಿಲಿನ ಗಾಜಿನ ಮೇಲಿಂದ ಇಳಿದ ನೀರು ಬಾಗಿಲಿನ ಹೊಟ್ಟೆಯೊಳಕ್ಕೆ ಹೋಗಿ ಕೆಳಗಿನ ತೂತುಗಳಿಂದ ಹೊರಬೀಳುತ್ತದೆ, ಮುಂಗಾಜಿನದು ವೈಪರಿನ ಕೆಳಗಿನ ತೊಟ್ಟಿಗೆ ಇಳಿದು ಕೊಳವೆಯಿಂದ ಹರಿಯುತ್ತದೆ, ಬಟ್ಟೆಯ ಛಾವಣಿಯದು ಆಸನಗಳ ಹಿಂದಿನ ದೋಣಿಯಲ್ಲಿ, ಅಂದರೆ ನೀರು ಹಿಡಿಯುವ ತೋಡಿನಲ್ಲಿ, ಸೇರಿ ಎರಡೂ ಪಕ್ಕದ ಪೈಪುಗಳ ಮೂಲಕ ಹಿಂಚಕ್ರದ ಸಮೀಪ ನೆಲಕ್ಕೆ ಬೀಳುತ್ತದೆ. ಹಾಗಾಗಿ ನೀರು ಎಲ್ಲಿಂದ ಬಂತು ಎಂದು ಕೇಳುವುದಕ್ಕೆ ಮೊದಲು, ಹೊರಗೆ ಏಕೆ ಹೋಗಲಿಲ್ಲ ಎಂದು ಕೇಳಬೇಕು. ಮಾಡಿನ ನೀರು ಹರಿಸುವ ಅಡಿಕೆಮರದ ದಂಬೆಯಲ್ಲಿ ತರಗೆಲೆ ಕಟ್ಟಿಕೊಂಡರೆ ಮಾಡಿಗೆ ಎಷ್ಟು ಮೇಣ ಮೆತ್ತಿದರೂ ಜಗಲಿ ಒದ್ದೆಯಾಗುವುದು ತಪ್ಪುವುದಿಲ್ಲ.

ಮಳೆಮರದ ಕೆಳಗೆ ನಿಲ್ಲಿಸುತ್ತೇನೆಂದು ನೀವೇ ಬರೆದಿದ್ದೀರಿ. ಆ ಮರದ ಮತ್ತು ಗುಲ್‌ಮೊಹರಿನ ಕಿರುಎಲೆಗಳು ದೋಣಿಯಲ್ಲಿ ಬಿದ್ದು, ದೂಳಿನೊಡನೆ ಕೊಳೆತು, ಕರಿಯ ಕೆಸರಾಗಿ ಪೈಪಿನ ಬಾಯಿಯಲ್ಲಿ ಬಿರಡೆಯಂತೆ ಕೂರುತ್ತವೆ. ಮುಂಬಯಿಯ ಉಪನಗರಗಳಲ್ಲಿ ಮಡಚುವ ಛಾವಣಿಯ ಕಾರಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಛಾವಣಿಯನ್ನು ಅರ್ಧ ತೆರೆದು ನಿಲ್ಲಿಸಿ, ಮೋಟರು ಆಕಸ್ಮಿಕವಾಗಿ ತಿರುಗದಂತೆ ಬ್ಯಾಟರಿಯನ್ನು ಮತ್ತೆ ಕಳಚಿ, ಆಸನಗಳ ಹಿಂದೆ ಎರಡೂ ಮೂಲೆಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಕಸವನ್ನು ಬೆರಳಿನಿಂದ ತೆಗೆದ ಮೇಲೆ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ನೈಲಾನ್ ದಾರದ ತುದಿಯನ್ನು ದುಂಡಗೆ ಉಜ್ಜಿಕೊಂಡು ಪೈಪಿನೊಳಗೆ ಮೆಲ್ಲನೆ ತೂರಿಸಿ. ಕಬ್ಬಿಣದ ತಂತಿ ಬೇಡ, ಅದು ಪೈಪನ್ನು ತೂತು ಮಾಡುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಮೇಲಿಂದ ಊದಿಸುವುದೂ ಬೇಡ. ಕಸ ಹೋಗುವುದಕ್ಕೆ ಮೊದಲು ಪೈಪೇ ಒಳಗಿನ ಜೋಡಣೆಯಿಂದ ಕಳಚಿಕೊಂಡರೆ, ಅಲ್ಲಿಯವರೆಗೆ ಇಲ್ಲದ ಹೊಸ ಸೋರಿಕೆಯೊಂದನ್ನು ನೀವೇ ಮಾಡಿಕೊಂಡಂತಾಗುತ್ತದೆ. ಕೊನೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಿರಿ. ಕಾರಿನ ಅಡಿಯಲ್ಲಿ ಅದು ತಡವಿಲ್ಲದೆ ಧಾರೆಯಾಗಿ ಬೀಳಬೇಕು. ಎರಡೂ ಪಕ್ಕಗಳನ್ನು ಹೀಗೆ ಪರೀಕ್ಷಿಸಿ. ಒಂದು ಪಕ್ಕ ಮಾತ್ರ ಒದ್ದೆಯಾಗಿದ್ದರೂ ಎರಡನೆಯದಕ್ಕೆ ಅದೇ ಗತಿ ಬರಲು ಹೆಚ್ಚು ದಿನ ಬೇಕಾಗಿಲ್ಲ.

ಪೈಪುಗಳು ಸ್ವಚ್ಛವಾದ ಮೇಲೂ ನೀರು ಬಂದರೆ ಆಗ ಮಾತ್ರ ಬೇರೆ ಕಡೆ ಹುಡುಕಬೇಕು. ಕಾರ್ಪೆಟ್ಟನ್ನು ಎತ್ತಿಟ್ಟು, ಬರಿಯ ತಗಡಿನ ಮೇಲೆ ಮತ್ತು ಬಾಗಿಲಿನ ಹೊಸ್ತಿಲಿನ ಒಳಬದಿಯಲ್ಲಿ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ನಳಿಕೆಯಿಲ್ಲದ ರಬ್ಬರ್ ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ, ಒಂದೊಂದು ಜಾಗಕ್ಕೆ ಐದು ಹತ್ತು ನಿಮಿಷ ಕೊಟ್ಟು, ಮೇಲಕ್ಕೆ ಹೋಗಬೇಕು. ಮೇಲಿನಿಂದ ಆರಂಭಿಸಿದರೆ ಎಲ್ಲವೂ ಒಟ್ಟಿಗೆ ನೆನೆದು ಯಾವುದೂ ತಿಳಿಯುವುದಿಲ್ಲ. ಪೌಡರಿನ ಮೇಲೆ ನೀರು ತನ್ನ ಹೆಜ್ಜೆಗುರುತನ್ನು ಬಿಟ್ಟು ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರಿನಿಂದ ಈ ಪರೀಕ್ಷೆ ಮಾಡಿಸಬೇಡಿ, ಅದಕ್ಕೆ ಸರಿಯಾಗಿರುವ ಬೀಡಿಂಗ್ (ಬಾಗಿಲು, ಗಾಜುಗಳ ಅಂಚಿನ ರಬ್ಬರ್ ಪಟ್ಟಿ) ಕೂಡ ಸೋಲುತ್ತದೆ. ನಿಮ್ಮ ಕಾರಿನ ಬಾಗಿಲಿನ ಗಾಜಿಗೆ ಸುತ್ತ ಚೌಕಟ್ಟಿಲ್ಲದಿದ್ದರೆ ಇನ್ನೊಂದನ್ನು ನೋಡಿ: ಇಂಥ ಅನೇಕ ಕಾರುಗಳಲ್ಲಿ ಬಾಗಿಲು ಮುಚ್ಚಿದೊಡನೆ ಗಾಜು ತುಸು ಮೇಲೇರಿ ಬೀಡಿಂಗಿನೊಳಗೆ ಸೇರಿಕೊಳ್ಳುತ್ತದೆ. ಬ್ಯಾಟರಿ ಕಳಚಿ ಹಾಕಿದ ಮೇಲೆ ಅದು ಆ ಪಾಠವನ್ನು ಮರೆತಿರಬಹುದು. ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಮತ್ತೆ ಕಲಿಸಬೇಕಾಗುತ್ತದೆ.

ಒಣಗಿಸುವ ಕೆಲಸವನ್ನು ಹಗುರವಾಗಿ ಕಾಣಬೇಡಿ. ಕಾರ್ಪೆಟ್ಟಿನ ಮೇಲ್ಮೈ ಒಣಗಿದ್ದರೂ ಅಡಿಯ ದಪ್ಪ ಫೋಮ್ ನೀರನ್ನು ವಾರಗಟ್ಟಲೆ ಹಿಡಿದಿಟ್ಟಿರುತ್ತದೆ. ಮುಂಬಯಿಯ ಜುಲೈ ತಿಂಗಳ ಗಾಳಿಯಲ್ಲಿ ಅದು ತಾನಾಗಿ ಒಣಗುವುದನ್ನು ನಾವು ಕಂಡಿಲ್ಲ. ಹೊರಗೆ ತೆಗೆದು ಹಿಂಡಿ, ಎಸಿ ಇರುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ನೇತುಹಾಕುವುದೇ ದಾರಿ. ಸುಗಂಧದ ಡಬ್ಬಿಯಿಂದ ಮುಗ್ಗಲು ವಾಸನೆಯನ್ನು ಮುಚ್ಚಬಹುದೇ ಹೊರತು ಬೂಷ್ಟನ್ನಲ್ಲ. ಈಗಾಗಲೇ ಬಳಿದಿರುವ ಸಿಲಿಕೋನನ್ನು ಪ್ಲಾಸ್ಟಿಕ್ ಚೂರಿನಿಂದ ಎಬ್ಬಿಸಿ ತೆಗೆಸಿ. ಕಟು ಹುಳಿವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುವಾಗ ಅಸೆಟಿಕ್ ಆಮ್ಲವನ್ನು ಬಿಡುತ್ತದೆ, ಅದು ತಗಡಿಗೆ ಒಳ್ಳೆಯದಲ್ಲ; ಜೊತೆಗೆ ಅದರ ಪಸೆ ಉಳಿದ ಕಡೆ ಮುಂದೆ ಬೇರಾವ ಅಂಟೂ ಹಿಡಿಯುವುದಿಲ್ಲ.

ಪ್ರವಾಹದ ಅನುಮಾನಕ್ಕೆ ಬರೋಣ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ದಾಖಲಾಗಿತ್ತು, ಆ ದಿನ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ಆದರೆ ಮುಳುಗಿದ ಕಾರು ತನ್ನ ಗುರುತನ್ನು ಎತ್ತರದಲ್ಲಿಯೂ ಇಟ್ಟುಕೊಂಡಿರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಅಡ್ಡಗೆರೆ, ಡ್ಯಾಶ್‌ಬೋರ್ಡಿನ ಹಿಂದಿನ ಮೂಲೆಗಳಲ್ಲಿ ನಯವಾದ ಮಣ್ಣು, ಆಸನದ ಹಳಿಗಳಿಗಷ್ಟೇ ಅಲ್ಲದೆ ಎತ್ತರದಲ್ಲಿರುವ ಬೋಲ್ಟುಗಳಿಗೂ ತುಕ್ಕು. ಇವು ಕಾಣದೆ ನೆಲ ಮಾತ್ರ ಒದ್ದೆಯಾಗಿದ್ದರೆ ಮಾರಿದವರನ್ನು ದೂರಲು ಕಾರಣವಿಲ್ಲ, ಮರವನ್ನು ದೂರಬಹುದು.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿದ್ದೇನೆ. ನನ್ನ ಕೂಪೆ (ಗಟ್ಟಿ ಛಾವಣಿಯ, ಎರಡು ಬಾಗಿಲಿನ) ಕಾರಿನ ಮುಂಗಾಜಿಗೆ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಕಲ್ಲು ಬಡಿದು ಏಪ್ರಿಲ್‌ನಲ್ಲಿ ಹೊಸ ಗಾಜು ಹಾಕಿಸಿದೆ. ಅಲ್ಲಿಂದೀಚೆಗೆ, ಮಳೆಯಲ್ಲಿ ಖಂಡಾಲಾ ಘಾಟಿ ದಾಟಿ ಮುಂಬಯಿಗೆ ಹೋದಾಗಲೆಲ್ಲ ಎಡಗಡೆ ಕೂತವರ ಕಾಲಡಿ ನೀರು ನಿಲ್ಲುತ್ತದೆ. ಮನೆಯಲ್ಲಿ ಎಷ್ಟು ನೀರು ಹೊಯ್ದು ತೊಳೆದರೂ ಒಂದು ಹನಿ ಬರುವುದಿಲ್ಲ. ಗಾಜು ಕೂರಿಸಿದವರು ತಮ್ಮ ಕೆಲಸ ಸರಿಯಾಗಿದೆ ಎನ್ನುತ್ತಾರೆ. ನಾನು ಜಗಳವಾಡಬೇಕೇ?

ಉತ್ತರ: ಇನ್ನೊಂದು ಪರೀಕ್ಷೆ ಮಾಡುವವರೆಗೆ ಜಗಳವನ್ನು ಮುಂದೂಡಿ. ಘಾಟಿಯ ಮಳೆಯಲ್ಲಿ ಗಾಜು ಮಂಜಾಗುತ್ತದೆಂದು ನೀವು ದಾರಿಯುದ್ದಕ್ಕೂ ಎಸಿ ಹಾಕಿರುತ್ತೀರಿ. ಮನೆಯಲ್ಲಿ ತೊಳೆಯುವಾಗ ಎಸಿ ಆಫ್ ಆಗಿರುತ್ತದೆ. ಎರಡರ ನಡುವಿನ ಈ ವ್ಯತ್ಯಾಸ ನಿಮ್ಮ ಪತ್ರವನ್ನು ಓದುತ್ತಿದ್ದಂತೆಯೇ ನಮ್ಮ ಗಮನಕ್ಕೆ ಬಂತು. ತೇವ ತುಂಬಿದ ಗಾಳಿ ಕೂಲಿಂಗ್ ಕಾಯಿಲಿಗೆ ತಾಗಿ ನೀರಾಗಿ ಇಳಿಯುತ್ತದೆ. ಆ ನೀರು ಸಣ್ಣದೊಂದು ರಬ್ಬರ್ ಕೊಳವೆಯಿಂದ ಕಾರಿನ ಅಡಿಗೆ ಹೋಗಬೇಕು. ಕೊಳವೆ ಕಟ್ಟಿಕೊಂಡರೆ ಕಾಯಿಲಿರುವ ಪೆಟ್ಟಿಗೆ ತುಂಬಿ ಮುಂದಿನ ಕಾಲಡಿಗೆ ಚೆಲ್ಲುತ್ತದೆ. ಮಳೆಯಿಲ್ಲದ ದಿನ, ಎಸಿ ಹಾಕಿಕೊಂಡು ಒಂದು ಗಂಟೆ ಓಡಾಡಿ ಬಂದು ನಿಲ್ಲಿಸಿ ನೋಡಿ: ಕಾರಿನ ಕೆಳಗೆ ನೀರು ತೊಟ್ಟಿಕ್ಕದೆ, ಒಳಗೆ ಕಾರ್ಪೆಟ್ ಒದ್ದೆಯಾಗಿದ್ದರೆ ಗಾಜು ಕೂರಿಸಿದವರು ನಿರಪರಾಧಿಗಳು. ಕೊಳವೆಯನ್ನು ಕೆಳಗಿನಿಂದ ಸ್ವಚ್ಛ ಮಾಡಿಸುವುದು ಅರ್ಧ ಗಂಟೆಯ ಕೆಲಸ. ಆ ನೀರನ್ನು ಬೆರಳಿಗೆ ಹಚ್ಚಿಕೊಂಡೂ ನೋಡಿ. ಅಂಟಂಟಾಗಿದ್ದು, ಸಿಹಿಯಾದ ವಾಸನೆ ಬರುತ್ತಿದ್ದರೆ ಅದು ಎಸಿಯ ನೀರಲ್ಲ, ಹೀಟರಿನ ಕಾಯಿಲಿನಿಂದ ಸೋರುತ್ತಿರುವ ಕೂಲೆಂಟ್, ಅಂದರೆ ಎಂಜಿನನ್ನು ತಣಿಸುವ ದ್ರವ. ಅದು ವಿಷ, ನಾಲಗೆಗೆ ತಾಗಿಸಬೇಡಿ, ಎಂಜಿನ್ ಅತಿಯಾಗಿ ಬಿಸಿಯಾಗುವ ಮೊದಲೇ ಗ್ಯಾರೇಜಿಗೆ ಒಯ್ಯಿರಿ.

ಒಣ ದಿನದ ಪರೀಕ್ಷೆಯಲ್ಲಿ ಒಳಗೆ ಏನೂ ಒದ್ದೆಯಾಗದಿದ್ದರೆ ಆಗ ಗಾಜನ್ನೂ ಬಾಗಿಲನ್ನೂ ಸಂಶಯಿಸಬಹುದು. ವೇಗವಾಗಿ ಹೋಗುವಾಗ ಛಾವಣಿಯ ಮತ್ತು ಪಕ್ಕದ ಗಾಜಿನ ಹೊರಬದಿಯಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ, ಚೌಕಟ್ಟಿಲ್ಲದ ಗಾಜು ಕೂದಲೆಳೆಯಷ್ಟು ಹೊರಕ್ಕೆ ಸರಿಯುತ್ತದೆ. ನಿಂತ ಕಾರಿನಲ್ಲಿ ಕಾಣದ ಸೋರಿಕೆ ಆಗ ಕಾಣುತ್ತದೆ. ಬಣ್ಣ ಹೊಡೆಯುವವರು ಬಳಸುವ ಮಾಸ್ಕಿಂಗ್ ಟೇಪನ್ನು ಮುಂಗಾಜಿನ ಅಂಚಿಗೆಲ್ಲ ಒತ್ತಿ ಅಂಟಿಸಿ, ಮಳೆಯಲ್ಲಿ ಒಂದು ಸಲ ಹೋಗಿಬನ್ನಿ. ನೀರು ಒಳಬರುವುದು ತಪ್ಪಿದರೆ ದೋಷ ಗಾಜಿನದು, ಆಗ ಅದನ್ನು ಪೂರ್ತಿ ತೆಗೆದು ಪಾಲಿಯುರೆಥೇನ್ ಅಂಟಿನಿಂದ ಮತ್ತೆ ಕೂರಿಸಿಕೊಡಬೇಕೆಂದು ಕೇಳುವ ಹಕ್ಕು ನಿಮಗಿದೆ. ಮೇಲಿಂದ ಮೇಲೆ ಸಿಲಿಕೋನ್ ಎಳೆಯುವುದಕ್ಕೆ ಒಪ್ಪಬೇಡಿ. ಟೇಪ್ ಅಂಟಿಸಿದರೂ ನೀರು ಬರುತ್ತಿದ್ದರೆ ಬಾಗಿಲಿನ ಪ್ಯಾಡ್ ಬಿಚ್ಚಿಸಿ. ಹೊಸ ಸ್ಪೀಕರ್ ಹಾಕುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಹಾಗೆಯೇ ಬಿಟ್ಟಿರುವುದನ್ನು ಎಷ್ಟೋ ಕಾರುಗಳಲ್ಲಿ ನೋಡಿದ್ದೇವೆ. ಆ ಹಾಳೆ ಅಲಂಕಾರಕ್ಕಲ್ಲ, ಬಾಗಿಲಿನ ಹೊಟ್ಟೆಯ ನೀರು ಒಳಬರದಂತೆ ತಡೆಯುವುದು ಅದೇ.

ಪ್ರಶ್ನೆ: ಮಡಗಾಂವ್‌ನವನು. ಗೋವಾದ ವೆರ್ಣಾದಲ್ಲಿಯೇ ತಯಾರಾದ ಹಳೆಯ ಸ್ಯಾನ್ ಸ್ಟಾರ್ಮ್ ನನ್ನಲ್ಲಿದೆ. ಫೈಬರ್‌ಗ್ಲಾಸ್ ಮೈಯಾದುದರಿಂದ ಸ್ವಲ್ಪ ನೀರು ನಿಂತರೂ ತುಕ್ಕಿನ ಭಯವಿಲ್ಲವಲ್ಲವೇ? ವಯಸ್ಸಾಗಿ ಬೀಡಿಂಗ್ ಗಟ್ಟಿಯಾಗಿದೆ. ಕೊಬ್ಬರಿ ಎಣ್ಣೆ ಸವರುತ್ತಿದ್ದೇನೆ. ಹೊಸ ಬೀಡಿಂಗ್ ಎಲ್ಲಿಯೂ ಸಿಗುವುದಿಲ್ಲ.

ಉತ್ತರ: ಆ ಪುಟ್ಟ ಎರಡಾಸನದ ಕಾರನ್ನು ಇನ್ನೂ ಓಡಿಸುತ್ತಿರುವವರು ಇದ್ದಾರೆಂದು ಓದಿ ಸಂತೋಷವಾಯಿತು. ಮೈ ಫೈಬರ್‌ಗ್ಲಾಸಿನದಾದರೂ ಆಸನದ ಹಳಿ, ಬೋಲ್ಟು, ಬಾಗಿಲಿನ ಕೀಲು, ವೈರಿಂಗಿನ ತುದಿಗಳು ಲೋಹದವೇ. ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ನೀರು ಅವುಗಳನ್ನು ಬೇಗ ತಿನ್ನುತ್ತದೆ. ಆದ್ದರಿಂದ ನೀರು ನಿಲ್ಲಲು ಬಿಡಬೇಡಿ. ಕೊಬ್ಬರಿ ಎಣ್ಣೆಯನ್ನು ತಲೆಗೆ ಮೀಸಲಿಡಿ. ಅದು ದೂಳನ್ನು ಹಿಡಿದು ಬೀಡಿಂಗಿನ ಮೇಲೆ ಉಪ್ಪುಕಾಗದದಂಥ ಪದರ ಕಟ್ಟುತ್ತದೆ. ಸೀಮೆಎಣ್ಣೆ, ಪೆಟ್ರೋಲಿಯಂ ಗ್ರೀಸುಗಳಂತೂ ಈ ಬಗೆಯ ರಬ್ಬರನ್ನು ಊದಿಸಿ ಕೆಡಿಸುತ್ತವೆ. ಮೆದುವಾಗಿಯೇ ಇರುವ ಬೀಡಿಂಗಿಗೆ ಸಿಲಿಕೋನ್ ಗ್ರೀಸನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿದರೆ ಸಾಕು, ಗಟ್ಟಿಯಾದುದಕ್ಕೆ ಮಾತ್ರ ಯಾವ ಎಣ್ಣೆಯಿಂದಲೂ ಪುನರ್ಜನ್ಮವಿಲ್ಲ.

ಈ ಕಾರಿನದೇ ಬೀಡಿಂಗ್ ಸಿಗದಿದ್ದರೂ ಅದೇ ಆಕಾರದ್ದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೆಯದರಲ್ಲಿ ಬೆರಳುದ್ದದ ತುಂಡನ್ನು ಅಡ್ಡಲಾಗಿ ಕತ್ತರಿಸಿ, ಪುಣೆಯ ನಾನಾ ಪೇಠೆಯ ಬಿಡಿಭಾಗಗಳ ಅಂಗಡಿಗಳಿಗೋ ಮುಂಬಯಿ ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಗಳಿಗೋ ಒಯ್ದು, ತಗಡು ಹಿಡಿಯುವ ಸೀಳಿನ ಅಗಲ ಮತ್ತು ಮೇಲಿನ ಟೊಳ್ಳು ಉಬ್ಬಿನ ದಪ್ಪ ಎರಡನ್ನೂ ಹೋಲಿಸಿ ನೋಡಿ ತನ್ನಿ. ಉಬ್ಬು ಹೆಚ್ಚು ದಪ್ಪವಾದರೆ ಬಾಗಿಲು ಮುಚ್ಚುವುದಿಲ್ಲ, ತೆಳುವಾದರೆ ನೀರು ಒಳಬರುತ್ತದೆ. ನಡುವೆ ಒಂದು ಹಳೆಯ ನೋಟನ್ನಿಟ್ಟು ಬಾಗಿಲು ಮುಚ್ಚಿ ಎಳೆದಾಗ ಅದು ಸುತ್ತಲೂ ಒಂದೇ ಬಿಗಿಯಲ್ಲಿ ಬರಬೇಕು. ಅಳತೆಗಿಂತ ಅರ್ಧ ಮೀಟರ್ ಹೆಚ್ಚಾಗಿಯೇ ಕೊಳ್ಳಿ. ಕೂರಿಸುವಾಗ ರಬ್ಬರನ್ನು ಎಳೆಯದೆ, ಮೂಲೆಗಳಲ್ಲಿ ತುಸು ಒತ್ತಿ ತುಂಬುತ್ತ ಹೋಗಿ, ಎರಡು ತುದಿಗಳು ಸೇರುವ ಜಾಗ ಹೊಸ್ತಿಲಿನ ಕಡೆ, ಕೆಳಗೆ ಬರುವಂತೆ ನೋಡಿಕೊಳ್ಳಿ.