ಬುಗುಡಿ ಜಾಗಕ್ಕೆ ಚುಚ್ಚಿಸುವ ಮೊದಲು

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಕಿವಿ, ಮೂಗಿನದ್ದೇ. ಒಂದೇ ಥರದವನ್ನು ಸೇರಿಸಿ ನಾಲ್ಕಕ್ಕೆ ಇಳಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನನ್ನ ಅಜ್ಜಿ ಕಿವಿಯ ಮೇಲ್ತುದಿಗೆ ಬುಗುಡಿ ಹಾಕುತ್ತಿದ್ದರು. ಅದೇ ಜಾಗಕ್ಕೆ ಚುಚ್ಚಿಸಿ ಸಣ್ಣ ರಿಂಗ್ ಹಾಕಬೇಕು ಅಂತ ನನಗೂ ಆಸೆ. ಇಲ್ಲಿಯ ಒಂದು ಪಾರ್ಲರಿನಲ್ಲಿ ಗನ್‌ನಲ್ಲಿ ಎರಡೇ ಸೆಕೆಂಡ್, ಹದಿನೈದು ದಿನದಲ್ಲಿ ವಾಸಿ ಅಂದರು. ಹೌದಾ? ತುಂಬಾ ನೋಯುತ್ತದಾ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಎರಡು ಸೆಕೆಂಡ್ ಅನ್ನುವುದು ನಿಜ. ಹದಿನೈದು ದಿನ ಅನ್ನುವುದು ಸುಳ್ಳು. ಕೆಳಗಿನ ಮೆತ್ತಗಿನ ಹಾಲೆಗೇ 6ರಿಂದ 8 ವಾರ ಬೇಕು. ನೀವು ಕೇಳುತ್ತಿರುವ ಮೇಲಿನ ಜಾಗಕ್ಕೆ 6 ತಿಂಗಳು, ಕೆಲವರಿಗೆ ಒಂದು ವರ್ಷವೂ ಹಿಡಿಯುತ್ತದೆ. ಅಲ್ಲಿರುವುದು ಮೆದು ಎಲುಬು, ಅದಕ್ಕೆ ಸ್ವಂತದ ರಕ್ತನಾಳ ಇಲ್ಲ, ಮೇಲಿನ ಪೊರೆಯಿಂದ ಸಿಕ್ಕಿದಷ್ಟರಲ್ಲೇ ಬದುಕುವ ಭಾಗ ಅದು. ಹಾಗಾಗಿ ವಾಸಿಯಾಗುವುದೂ ನಿಧಾನ, ಸೋಂಕು ತಗುಲಿದರೆ ಹೋಗುವುದೂ ನಿಧಾನ.

ನೋವಿನ ಮಾತು. ಚುಚ್ಚುವಾಗ ಒಮ್ಮೆ ಚುರ್ರನೆ ಆಗಿ ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೇ. ಆಮೇಲೆ ಒಂದೆರಡು ಗಂಟೆ ಕಿವಿ ಬಿಸಿ. ಜಾಸ್ತಿ ಕಷ್ಟ ರಾತ್ರಿ ಮಲಗುವಾಗ. ಆ ಬದಿಗೆ ತಿಂಗಳುಗಟ್ಟಲೆ ಮಲಗುವ ಹಾಗಿಲ್ಲ. ಇದನ್ನು ಪಾರ್ಲರಿನವರು ಹೇಳುವುದಿಲ್ಲ. ಎರಡೂ ಕಿವಿಗೆ ಒಂದೇ ದಿನ ಮಾಡಿಸಬೇಡಿ, ಮತ್ತೆ ಯಾವ ಬದಿಗೆ ಮಲಗುತ್ತೀರಿ?

ಗನ್ ಬೇಡ. ಅದು ಮೊಂಡು ಮೂತಿಯ ಕಡ್ಡಿಯನ್ನು ಒತ್ತಿ ನುಗ್ಗಿಸುತ್ತದೆ, ಮೆದು ಎಲುಬು ಒಳಗೆ ಜಜ್ಜಿಹೋಗಬಹುದು. ಅಲ್ಲದೆ ಹೆಚ್ಚಿನ ಗನ್‌ಗಳು ಪ್ಲಾಸ್ಟಿಕ್, ಆಟೋಕ್ಲೇವ್‌ನಲ್ಲಿಟ್ಟು 121 ಡಿಗ್ರಿ ಹಬೆಯಲ್ಲಿ ಬೇಯಿಸಲು ಆಗುವುದಿಲ್ಲ, ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರ ಕಿವಿಗೆ ಹಿಡಿಯುತ್ತಾರೆ. ಸೂಜಿಯಲ್ಲಿ ಮಾಡುವವರ ಹತ್ತಿರ ಹೋಗಿ. ಸೂಜಿ ನಿಮ್ಮ ಎದುರೇ ಪ್ಯಾಕೆಟ್ ಒಡೆದು ತೆಗೆದದ್ದಾಗಿರಬೇಕು, ಗ್ಲೌಸ್ ಹೊಸದಿರಬೇಕು. ಕೇಳಲು ನಾಚಿಕೆ ಎಂಥದಕ್ಕೆ? ಹೆಪಟೈಟಿಸ್ ಬಿ, ಸಿ ಎರಡೂ ಇನ್ನೊಬ್ಬರಿಗೆ ಬಳಸಿದ ಸೂಜಿಯಿಂದ ಹರಡುವ ಲಿವರ್ ಕಾಯಿಲೆಗಳು.

ಮೊದಲ ಆಭರಣಕ್ಕೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಒಳ್ಳೆಯದು. ಮನೆಯಲ್ಲಿ ಚಿನ್ನವೇ ಆಗಬೇಕು ಅಂದರೆ 14 ಅಥವಾ 18 ಕ್ಯಾರೆಟಿನದ್ದು, ನಿಕಲ್ ಇಲ್ಲದ್ದು. 22 ಕ್ಯಾರೆಟ್ ಶುದ್ಧ ಅಂತ ಅಮ್ಮ ವಾದ ಮಾಡಬಹುದು, ಆದರೆ ಅದು ಮೆದು, ಬೇಗ ಗೀರು ಬೀಳುತ್ತದೆ, ಆ ಗೀರಿನಲ್ಲಿ ಕೊಳೆ ಕೂರುತ್ತದೆ. ಹಳೇ ಗಾಯಕ್ಕೆ 22 ಇರಲಿ, ಹೊಸ ಗಾಯಕ್ಕೆ ಬೇಡ. ಬೆಳ್ಳಿ ಅಂತೂ ಬೇಡವೇ ಬೇಡ. ರಿಂಗ್ ಕೂಡ ಸದ್ಯಕ್ಕೆ ಬೇಡ, ಅದು ಆಡುತ್ತಾ ಗಾಯವನ್ನು ಎಳೆಯುತ್ತಿರುತ್ತದೆ. ಮೊದಲು ಸ್ವಲ್ಪ ಉದ್ದದ ನೇರ ಕಡ್ಡಿ. ಬಾತುಕೊಳ್ಳಲು ಜಾಗ ಬೇಕಲ್ಲ. ಬಾವು ಇಳಿದ ಮೇಲೆ, ಒಂದೆರಡು ತಿಂಗಳಿಗೆ, ಚುಚ್ಚಿದವರ ಹತ್ತಿರವೇ ಹೋಗಿ ಚಿಕ್ಕದು ಹಾಕಿಸಿಕೊಳ್ಳಿ.

ಇಷ್ಟು ಜೋರಾಗಿ ಹೇಳುವುದಕ್ಕೆ ಕಾರಣ ನನ್ನದೇ ಬಲಗಿವಿ. ಕಾಲೇಜಿನಲ್ಲಿದ್ದಾಗ ಹಂಪನಕಟ್ಟೆ ಕಡೆಯ ಒಂದು ಪಾರ್ಲರಿನಲ್ಲಿ ಗನ್‌ನಲ್ಲೇ ಹೊಡೆಸಿಕೊಂಡಿದ್ದೆ. ಮೂರನೇ ವಾರಕ್ಕೆ ನೋವಿಲ್ಲ, ಕೆಂಪಿಲ್ಲ, ನನ್ನ ಪ್ರಕಾರ ವಾಸಿ. ಚಿಕ್ಕಮ್ಮನ ಮಗಳ ಮದುವೆಗೆ ಕಡ್ಡಿ ತೆಗೆದು ಬೆಳ್ಳಿ ರಿಂಗ್ ತುರುಕಿದೆ. ಮಾರನೇ ದಿನ ಕಿವಿ ಬನ್ಸಿನ ಹಾಗೆ ಉಬ್ಬಿತ್ತು. ಗಾಯ ಒಣಗುವುದು ಹೊರಗಿನಿಂದ ಒಳಕ್ಕೆ ಅಂತ ನನಗೆ ಗೊತ್ತಿದ್ದದ್ದು ಎಲ್ಲಿ, ಎರಡು ಬಾಯಿ ಒಣಗಿದ್ದರೂ ನಡುವಿನ ದಾರಿ ಇನ್ನೂ ಹಸಿಯಾಗಿಯೇ ಇರುತ್ತದೆ. ಈಗಲೂ ಅಲ್ಲಿ ಒಂದು ಗಂಟು ಉಂಟು, ಬಾಚುವಾಗ ಬಾಚಣಿಗೆಗೆ ಸಿಗುತ್ತದೆ.

ಪ್ರಶ್ನೆ: ಮೂಗು ಚುಚ್ಚಿಸಿ ಐದು ವಾರವಾಯ್ತು. ದಿನಾ ತೆಂಗಿನೆಣ್ಣೆ, ಅರಿಶಿನ ಹಚ್ಚಿ ಮೂಗುಬೊಟ್ಟು ತಿರುಗಿಸುತ್ತಾ ಇರು, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ ಅಂತ ಅತ್ತೆ ಹೇಳುತ್ತಾರೆ. ಹಾಗೇ ಮಾಡುತ್ತಿದ್ದೇನೆ. ಈಗ ಪಕ್ಕದಲ್ಲಿ ಕೆಂಪು ಗುಳ್ಳೆ ಬಂದಿದೆ. ಕೀಲಾಯ್ಡ್ ಇರಬಹುದಾ?
– ಹೊಸ ಸೊಸೆ, ಉಡುಪಿ

ಉತ್ತರ: ಇರಲಿಕ್ಕಿಲ್ಲ. ಕೀಲಾಯ್ಡ್ ಅಂದರೆ ಗಾಯದ ಕಲೆ ಗಂಟಾಗಿ ಬೆಳೆಯುವುದು. ಅದು ಸಾಮಾನ್ಯವಾಗಿ ತಿಂಗಳುಗಳು ಕಳೆದ ಮೇಲೆ ಬರುತ್ತದೆ, ಗಾಯದ ಗಡಿ ದಾಟಿ ಬೆಳೆಯುತ್ತದೆ, ತಾನಾಗಿ ಇಳಿಯುವುದಿಲ್ಲ. ನಿಮ್ಮದು ಕೆರಳಿದ ಗುಳ್ಳೆ ಇರಬೇಕು. ಕೆರಳಿಸುತ್ತಿರುವುದು ಆ ತಿರುಗಿಸುವ ಕೆಲಸವೇ. ಒಣಗಿದ ಹಕ್ಕಳೆ ಕಡ್ಡಿಯ ಜೊತೆ ಒಳಗೆ ಹೋಗಿ ಗಾಯವನ್ನು ದಿನಾ ಹೊಸದಾಗಿ ಗೀರುತ್ತದೆ. ತಿರುಪಿನ ಬೊಟ್ಟಾದರೆ ಅದರ ಏಣಿನಲ್ಲಿ ಎಣ್ಣೆ, ಅರಿಶಿನ ಎಲ್ಲಾ ಸೇರಿ ಮಡ್ಡಿಯಾಗುತ್ತದೆ. ನಿಮ್ಮ ಮನೆಯವರಲ್ಲಿ ಯಾರಿಗಾದರೂ ಹಳೇ ಗಾಯ ಗಂಟುಗಂಟಾಗಿ ಬೆಳೆದದ್ದು ಇದ್ದರೆ ಮಾತ್ರ ಚರ್ಮದ ಡಾಕ್ಟರಿಗೆ ಒಮ್ಮೆ ತೋರಿಸಿ, ಕೀಲಾಯ್ಡ್ ವಂಶದಲ್ಲಿ ಬರುವುದುಂಟು.

ಮಾಡಬೇಕಾದದ್ದು ಕಡಿಮೆ. ಕೈ ಸೋಪಿನಲ್ಲಿ ತೊಳೆದು, ಮೆಡಿಕಲ್‌ನಲ್ಲಿ ಸಿಗುವ ಸಲೈನ್, ಅಂದರೆ ಉಪ್ಪು ನೀರು, ದಿನಕ್ಕೆ ಎರಡು ಸಲ ಹಾಕಿ, ಗಾಜ್ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಹೊಸ ಚರ್ಮವನ್ನೇ ಸುಡುತ್ತವೆ. ತಿಳಿ ಹಳದಿ ನೀರು ಬಂದು ಹಕ್ಕಳೆ ಕಟ್ಟುವುದು ಸಹಜ, ಅದು ಕೀವಲ್ಲ. ಮೂಗಿಗೆ 4ರಿಂದ 6 ತಿಂಗಳು ಬೇಕು.

ಅತ್ತೆಯ ಹತ್ತಿರ ಜಗಳ ಬೇಡ. ಡಾಕ್ಟರು ಎಣ್ಣೆ ಬೇಡ ಅಂದರು ಅಂತ ನನ್ನ ಲೆಕ್ಕದಲ್ಲಿ ಒಂದು ಸುಳ್ಳು ಹೇಳಿ.

ಪ್ರಶ್ನೆ: ಉಪ್ಪು ನೀರು ಗಾಯಕ್ಕೆ ಒಳ್ಳೆಯದಲ್ವಾ? ಹಾಗಾದರೆ ಮಲ್ಪೆಯಲ್ಲಿ ಸಮುದ್ರಕ್ಕೆ ಇಳಿದರೆ ಹೊಕ್ಕುಳ ಗಾಯ ಬೇಗ ವಾಸಿಯಾಗಬೇಕು!
– ಈಜುಗಾರ್ತಿ, ಮಂಗಳೂರು

ಉತ್ತರ: ಲೆಕ್ಕ ನೋಡಿ. ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪು. ಸಮುದ್ರದಲ್ಲಿ ಸುಮಾರು 35. ಹೆಚ್ಚುಕಡಿಮೆ ನಾಲ್ಕು ಪಟ್ಟು, ಜೊತೆಗೆ ಮರಳು, ಬಂದರಿನ ಡೀಸೆಲ್, ಮಳೆಗಾಲದಲ್ಲಿ ಹೊಳೆ ತಂದು ಹಾಕುವ ಊರಿನ ಕೊಳೆ. ಗಾಯ ಪೂರ್ತಿ ಮಾಗುವವರೆಗೆ ಸಮುದ್ರ, ಈಜುಕೊಳ, ಕೆರೆ ಯಾವುದೂ ಬೇಡ, ಅಂದರೆ ಹೊಕ್ಕುಳಿಗೆ 6ರಿಂದ 12 ತಿಂಗಳು. ಪಣಂಬೂರಿಗೆ ಹೋಗಿ, ದಡದಲ್ಲಿ ಕೂತು ಚರ್ಮುರಿ ತಿನ್ನಿ.

ನಮ್ಮ ಕರಾವಳಿಯ ಸೆಕೆಯೂ ಗಾಯಕ್ಕೆ ಒಳ್ಳೆಯದಲ್ಲ. ಬೆವರು, ಒಣಗದ ಬಟ್ಟೆ, ಮಳೆಗಾಲದ ಥಂಡಿ, ಎಲ್ಲಾ ಸೇರಿ ಜಾಗ ಯಾವಾಗಲೂ ಪಸೆಪಸೆ. ಪ್ಯಾಂಟಿನ ಪಟ್ಟಿ ಹೊಕ್ಕುಳಿಗೆ ತಾಗದ ಹಾಗೆ ಕೆಳಗಿರಲಿ. ಬೈರಾಸಿನಲ್ಲಿ ಉಜ್ಜಬೇಡಿ, ಅದರ ನೂಲು ಸಿಕ್ಕಿಕೊಳ್ಳುತ್ತದೆ. ಕಿವಿಯವರು ಹೆಲ್ಮೆಟ್ ಹಾಕುವಾಗಲೂ ತೆಗೆಯುವಾಗಲೂ ನಿಧಾನ. ಯಾವ ಜಾಗವೇ ಆಗಲಿ, ಮಿಡಿಯುವ ನೋವು, ಹರಡುತ್ತಿರುವ ಕೆಂಪು, ದಪ್ಪ ಹಸಿರು ಕೀವು, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕಿವಿಯ ಮೇಲ್ಭಾಗವಾದರೆ ಇನ್ನೂ ಬೇಗ. ಅಲ್ಲಿ ಕೀವು ನಿಂತರೆ ಕಿವಿಯ ಆಕಾರವೇ ಮುದುಡಿಹೋಗಬಹುದು, ಮನೆಯಲ್ಲಿರುವ ಟ್ಯೂಬಿನ ಮುಲಾಮಿಗೆ ಬಗ್ಗುವುದಿಲ್ಲ. ಹೆದರಿ ಕಡ್ಡಿ ಕಿತ್ತು ಹಾಕಬೇಡಿ. ತೂತು ಮುಚ್ಚಿ ಕೀವು ಒಳಗೇ ಸಿಕ್ಕಿಬೀಳುತ್ತದೆ. ತೆಗೆಯಬೇಕಾ ಬೇಡವಾ ಅಂತ ಡಾಕ್ಟರು ಹೇಳಲಿ.

ಪ್ರಶ್ನೆ: ಕಿವಿ ಚುಚ್ಚಿಸಿಕೊಂಡಿದ್ದೇನೆ ಅಂತ ಕಾಲೇಜಿನ ರಕ್ತದಾನ ಶಿಬಿರದಲ್ಲಿ ವಾಪಸು ಕಳಿಸಿದರು. ಹುಡುಗ ಅಂತ ತಮಾಷೆ ಮಾಡಿದರಾ?
– ಬಿಕಾಂ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಇಲ್ಲ ಮಾರಾಯ್ರೆ, ನಿಯಮವೇ ಹಾಗೆ. ಚುಚ್ಚಿಸಿದರೂ ಟ್ಯಾಟೂ ಹಾಕಿಸಿದರೂ 12 ತಿಂಗಳು ರಕ್ತ ಕೊಡುವಂತಿಲ್ಲ, ಹುಡುಗ ಹುಡುಗಿ ಅಂತ ಭೇದವಿಲ್ಲ. ಚುಚ್ಚಿಸಿದ ತಾರೀಕು ಬರೆದಿಟ್ಟುಕೊಳ್ಳಿ, ಮುಂದಿನ ವರ್ಷದ ಶಿಬಿರಕ್ಕೆ ಹೋಗಿ. ಇನ್ನೊಂದು ಕಿವಿಗೂ ಮಾಡಿಸುವ ಆಸೆ ಇದ್ದರೆ ಆ ದಿನ ಮೊದಲು ರಕ್ತ ಕೊಟ್ಟು, ಒಂದೆರಡು ವಾರ ಬಿಟ್ಟು ಮಾಡಿಸಿ.